ಕಳೆದ ವರ್ಷದ ಪಟ್ಟಿ ನೋಡಿ ಮುಂದಿನ ವರ್ಷ ಹೇಳಬಹುದೇ? ಎನ್‌ಎಫ್‌ಎಲ್‌ನ ನಾಲ್ಕು ಬದ್ಧ ಎದುರಾಳಿಗಳ ಲೆಕ್ಕ

ವಾಷಿಂಗ್ಟನ್ ಕಮ್ಯಾಂಡರ್ಸ್ ತಂಡ 2023ರಲ್ಲಿ 17 ಪಂದ್ಯ ಆಡಿ 4 ಗೆದ್ದಿತು. 2024ರಲ್ಲಿ 12 ಗೆದ್ದಿತು. 2025ರಲ್ಲಿ ಮತ್ತೆ 5ಕ್ಕೆ ಬಂದು ನಿಂತಿತು. 2024 ಮತ್ತು 2025ರ ನಡುವೆ ಮುಖ್ಯ ಕೋಚ್ ಬದಲಾಗಿರಲಿಲ್ಲ, ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವರು) ಕೂಡ ಬದಲಾಗಿರಲಿಲ್ಲ. ಆದರೂ 12 ಗೆಲುವು, 5 ಸೋಲು ಇದ್ದದ್ದು 5 ಗೆಲುವು, 12 ಸೋಲಾಗಿ ಪೂರ್ತಿ ತಿರುಗಿ ಬಿತ್ತು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಂಥದ್ದು ಅಪರೂಪವೇನಲ್ಲ. 1990ರಿಂದ ಪ್ರತಿ ವರ್ಷವೂ, ಹಿಂದಿನ ವರ್ಷ ಪ್ಲೇಆಫ್ ಮುಟ್ಟದ ಕನಿಷ್ಠ 4 ತಂಡಗಳು ಪ್ಲೇಆಫ್‌ಗೆ ಬಂದಿವೆ. ಹಾಗಿದ್ದರೂ ಸೀಸನ್ ಶುರುವಾಗುವ ಮುಂಚೆ ಹೇಳುವ ಭವಿಷ್ಯಗಳನ್ನು ನೋಡಿ. ಮುಕ್ಕಾಲು ಪಾಲು ಜನ ಹೋದ ವರ್ಷದ ಪಟ್ಟಿಯನ್ನೇ ಒಂಚೂರು ಅತ್ತಿತ್ತ ಮಾಡಿ ಒಪ್ಪಿಸುತ್ತಾರೆ. ಗೆದ್ದವರು ಮತ್ತೆ ಗೆಲ್ಲುತ್ತಾರೆ, ಮಕಾಡೆ ಮಲಗಿದವರು ಹಾಗೇ ಮಲಗಿರುತ್ತಾರೆ ಅನ್ನೋ ಲೆಕ್ಕ.

ತಂಡ ಎಷ್ಟು ಗೆದ್ದಿತು ಅನ್ನುವುದಕ್ಕಿಂತ ಹೇಗೆ ಗೆದ್ದಿತು ಅನ್ನುವುದು ಮುಂದಿನ ವರ್ಷದ ಬಗ್ಗೆ ಜಾಸ್ತಿ ಹೇಳುತ್ತದೆ. ಅದೃಷ್ಟದಿಂದ ಬಂದದ್ದು ಯಾವುದು, ಬಲದಿಂದ ಬಂದದ್ದು ಯಾವುದು ಎಂದು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇದನ್ನು ಎನ್‌ಎಫ್‌ಸಿ ಈಸ್ಟ್ ಎಂಬ ಒಂದೇ ಡಿವಿಷನ್ ಇಟ್ಟುಕೊಂಡು ನೋಡೋಣ. ಅದರಲ್ಲಿ ನಾಲ್ಕು ತಂಡ: ಫಿಲಡೆಲ್ಫಿಯಾ ಈಗಲ್ಸ್, ಡಲ್ಲಾಸ್ ಕೌಬಾಯ್ಸ್, ನ್ಯೂಯಾರ್ಕ್ ಜಯಂಟ್ಸ್, ವಾಷಿಂಗ್ಟನ್ ಕಮ್ಯಾಂಡರ್ಸ್. ಹೆಸರಿಗೆ ನ್ಯೂಯಾರ್ಕ್ ಆದರೂ ಜಯಂಟ್ಸ್ ಆಡುವುದು ನ್ಯೂಜೆರ್ಸಿಯಲ್ಲಿ. ಅಲ್ಲೂ ಡಲ್ಲಾಸ್ ಸುತ್ತಮುತ್ತಲೂ ಕನ್ನಡಿಗರು ಸಾಕಷ್ಟಿರುವುದರಿಂದ ಈ ಹೆಸರುಗಳು ನಮ್ಮಲ್ಲಿ ಹಲವು ಮನೆಗಳಿಗೆ ಹೊಸದಲ್ಲ.

ಈ ಡಿವಿಷನ್ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಈಗಲ್ಸ್ 2001ರಿಂದ 2004ರವರೆಗೆ ಸತತ ನಾಲ್ಕು ವರ್ಷ ಇಲ್ಲಿ ಮೊದಲ ಸ್ಥಾನ ಗಳಿಸಿತು. ಆಮೇಲೆ 20 ವರ್ಷ ಯಾವ ತಂಡವೂ ಎರಡು ವರ್ಷ ಸತತವಾಗಿ ಡಿವಿಷನ್ ಗೆಲ್ಲಲಿಲ್ಲ. 2005ರಲ್ಲಿ ಜಯಂಟ್ಸ್, 2006ರಲ್ಲಿ ಈಗಲ್ಸ್, 2007ರಲ್ಲಿ ಕೌಬಾಯ್ಸ್, 2008ರಲ್ಲಿ ಮತ್ತೆ ಜಯಂಟ್ಸ್, ಹೀಗೇ ಕಿರೀಟ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಕೊನೆಗೆ 2024 ಮತ್ತು 2025 ಎರಡನ್ನೂ ಗೆದ್ದು ಆ ಸರಣಿ ಮುರಿದದ್ದು ಈಗಲ್ಸ್. ‘ಹೋದ ಸಲದವರೇ ಈ ಸಲವೂ’ ಎಂದು ಕಣ್ಣು ಮುಚ್ಚಿ ಹೇಳುತ್ತಾ ಬಂದವರು ಇಲ್ಲಿ 20 ವರ್ಷ ಒಂದೇ ಒಂದು ಸಲವೂ ಸರಿಯಾಗುತ್ತಿರಲಿಲ್ಲ.

ಯಾರ ಜೊತೆ ಆಟ?

ಮೊದಲು ಪಂದ್ಯಪಟ್ಟಿ ಅರ್ಥ ಮಾಡಿಕೊಳ್ಳಬೇಕು. 32 ತಂಡಗಳು ಎಎಫ್‌ಸಿ, ಎನ್‌ಎಫ್‌ಸಿ ಎಂದು ಎರಡು ಪಾಲು. ಒಂದೊಂದು ಪಾಲಿನಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್. 2021ರಿಂದ ಒಂದು ತಂಡಕ್ಕೆ ಸೀಸನ್‌ಗೆ 17 ಪಂದ್ಯ.

ಈ 17ರಲ್ಲಿ 6 ಪಂದ್ಯ ತನ್ನದೇ ಡಿವಿಷನ್‌ನ ಮೂವರು ಎದುರಾಳಿಗಳ ಜೊತೆ, ಪ್ರತಿಯೊಬ್ಬರ ಜೊತೆ ತವರಿನಲ್ಲಿ ಒಂದು, ಅವರ ಊರಲ್ಲಿ ಒಂದು. ಇನ್ನು 4 ಪಂದ್ಯ ತನ್ನ ಪಾಲಿನ ಇನ್ನೊಂದು ಡಿವಿಷನ್ ಜೊತೆ, 4 ಪಂದ್ಯ ಆಚೆ ಪಾಲಿನ ಒಂದು ಡಿವಿಷನ್ ಜೊತೆ. ಇವು ಸರದಿ ಪ್ರಕಾರ ಬದಲಾಗುತ್ತವೆ. ಉಳಿದ 3 ಪಂದ್ಯ ಮಾತ್ರ ಹಿಂದಿನ ವರ್ಷದ ಸ್ಥಾನ ನೋಡಿ ಬರುತ್ತವೆ. ಮೊದಲ ಸ್ಥಾನದವರಿಗೆ ಬೇರೆ ಡಿವಿಷನ್‌ಗಳ ಮೊದಲ ಸ್ಥಾನದವರು, ಕೊನೆಯವರಿಗೆ ಕೊನೆಯವರು.

ಅಂದರೆ ಒಂದೇ ಡಿವಿಷನ್‌ನ ನಾಲ್ವರೂ ಹೆಚ್ಚುಕಡಿಮೆ ಒಂದೇ ಪರೀಕ್ಷೆ ಬರೆಯುತ್ತಾರೆ. ವ್ಯತ್ಯಾಸ ಇರುವುದು 3 ಪಂದ್ಯಗಳಲ್ಲಿ. ‘ನಮಗೆ ಈ ಸಲ ಕಷ್ಟದ ಪಟ್ಟಿ ಬಂದಿದೆ’ ಎಂದು ಅಭಿಮಾನಿಯೊಬ್ಬ ಗೋಳಾಡಿದರೆ ಅವನ ಮೂವರು ಎದುರಾಳಿಗಳಿಗೂ ಬಹುಪಾಲು ಅದೇ ಪಟ್ಟಿ ಬಂದಿರುತ್ತದೆ. 2026ರಲ್ಲಿ ಎನ್‌ಎಫ್‌ಸಿ ಈಸ್ಟ್‌ನ ಸರದಿಗೆ ಎನ್‌ಎಫ್‌ಸಿ ವೆಸ್ಟ್ ಬಿದ್ದಿದೆ. ಅಲ್ಲಿ 2025ರಲ್ಲಿ 14 ಪಂದ್ಯ ಗೆದ್ದ ಸಿಯಾಟಲ್ ಸೀಹಾಕ್ಸ್ ಇದೆ, ತಲಾ 12 ಗೆದ್ದ ರ‍್ಯಾಮ್ಸ್ ಮತ್ತು 49ಅರ್ಸ್ ಇವೆ. ಇದರಿಂದ ನಾಲ್ವರ ಗೆಲುವಿನ ಸಂಖ್ಯೆ ಸ್ವಲ್ಪ ಕುಗ್ಗಬಹುದು. ಆದರೆ ಅವರವರ ನಡುವಿನ ಪೈಪೋಟಿಗೆ ಇದು ಏನೂ ಮಾಡುವುದಿಲ್ಲ.

ಆ ಉಳಿದ 3 ಪಂದ್ಯಗಳೂ ಕಾಗದದ ಮೇಲೆ ಕಂಡ ಹಾಗೆ ಇರುವುದಿಲ್ಲ. 2024ರಲ್ಲಿ ಜಯಂಟ್ಸ್ ಕೊನೆಯ ಸ್ಥಾನದಲ್ಲಿತ್ತು. ಹಾಗಾಗಿ 2025ರಲ್ಲಿ ಅದಕ್ಕೆ ಸಿಕ್ಕಿದ್ದು ಇತರ ಡಿವಿಷನ್‌ಗಳ ಕೊನೆಯವರು: ಹಿಂದಿನ ವರ್ಷ 4 ಪಂದ್ಯ ಗೆದ್ದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, 6 ಗೆದ್ದಿದ್ದ 49ಅರ್ಸ್, 5 ಗೆದ್ದಿದ್ದ ಸೇಂಟ್ಸ್. ನೋಡಿದವರೆಲ್ಲ ಸಲೀಸು ಅಂದುಕೊಂಡಿರುತ್ತಾರೆ. ಆ ವರ್ಷ ಪೇಟ್ರಿಯಟ್ಸ್ 14 ಪಂದ್ಯ ಗೆದ್ದು ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತನಕ ಹೋಯಿತು, 49ಅರ್ಸ್ 12 ಗೆದ್ದಿತು. ಜಯಂಟ್ಸ್ ಮೂರೂ ಪಂದ್ಯ ಸೋತಿತು. ಎದುರಾಳಿಗಳ ಹೋದ ವರ್ಷದ ಗೆಲುವು ಕೂಡಿಸಿ ‘ಪಟ್ಟಿಯ ಕಷ್ಟ’ ಅಳೆಯುವ ಪದ್ಧತಿಯನ್ನು ನಾನು ನಂಬದಿರುವುದು ಇದಕ್ಕೇ. ಅಳೆಯುವ ಕೋಲೇ ಅಲ್ಲಾಡುತ್ತಿರುತ್ತದೆ.

17 ಪಂದ್ಯ ತುಂಬಾ ಕಡಿಮೆ

ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ 82. ಅಷ್ಟು ಆಡಿದರೆ ಅದೃಷ್ಟ ದುರದೃಷ್ಟ ಒಂದಕ್ಕೊಂದು ಹೆಚ್ಚುಕಡಿಮೆ ಚುಕ್ತಾ ಆಗುತ್ತವೆ. 17ರಲ್ಲಿ ಆಗುವುದಿಲ್ಲ.

ಎಷ್ಟರಮಟ್ಟಿಗೆ ಅಂತ ತಿಳಿಯಲು 32 ತಂಡಗಳೂ ಪೂರ್ತಿ ಸಮಬಲದವು ಅಂದುಕೊಳ್ಳಿ. ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿಯೇ ತೀರ್ಮಾನ ಮಾಡೋಣ. 17 ಸಲ ಚಿಮ್ಮಿದಾಗ ಒಂದು ತಂಡ 11 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ಆರರಲ್ಲಿ ಒಂದು. ಅಂದರೆ 32ರಲ್ಲಿ ಸುಮಾರು 5 ತಂಡಗಳು ಯಾವ ಹೆಚ್ಚುಗಾರಿಕೆಯೂ ಇಲ್ಲದೆ 11ರ ಗಡಿ ದಾಟುತ್ತವೆ. ಇನ್ನೂ ಸುಮಾರು 5 ತಂಡಗಳು ಯಾವ ತಪ್ಪೂ ಮಾಡದೆ 6 ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತವೆ. ಅಲ್ಲಿ ಕೋಚ್‌ನ ಕೆಲಸ ಹೋಗುತ್ತದೆ, ಇಲ್ಲಿ ಕೋಚ್‌ನ ಸಂಬಳ ಏರುತ್ತದೆ. ನಡೆದದ್ದು ಬರೀ ನಾಣ್ಯ.

ನಿಜವಾದ ತಂಡಗಳು ಸಮಬಲದವಲ್ಲ, ಒಪ್ಪುತ್ತೇನೆ. ಆದರೆ ಅದೃಷ್ಟವೊಂದೇ ಎರಡು ಗೆಲುವನ್ನು ಆಚೆಗೋ ಈಚೆಗೋ ತಳ್ಳಬಲ್ಲದು ಅನ್ನೋದು ಗಟ್ಟಿ ಮಾತು.

ಅದೃಷ್ಟ ಮೈದಾನದಲ್ಲಿ ಹೇಗೆ ಕಾಣಿಸುತ್ತದೆ? 2024ರ ಸೆಪ್ಟೆಂಬರ್ 15ರ ಪಂದ್ಯ ನೋಡಿ. ವಾಷಿಂಗ್ಟನ್ ತವರಿಗೆ ಜಯಂಟ್ಸ್ ಬಂದಿತ್ತು. ಆಟ ಶುರುವಾಗುವ ಮೊಟ್ಟಮೊದಲ ಒದೆತದಲ್ಲೇ, ಚೆಂಡು ಹಿಡಿದು ಓಡುತ್ತಿದ್ದವನನ್ನು ಅಟ್ಟಿಸಿಕೊಂಡು ಹೋದ ಜಯಂಟ್ಸ್‌ನ ಕಿಕ್ಕರ್ ಗ್ರಹಾಂ ಗ್ಯಾನೊ ತೊಡೆಯ ಸ್ನಾಯು ಹಿಡಿದುಕೊಂಡು ಹೊರಬಿದ್ದರು. ತಂಡದಲ್ಲಿ ಬೇರೆ ಕಿಕ್ಕರ್ ಇರಲಿಲ್ಲ. ಜಯಂಟ್ಸ್ ಆಮೇಲೆ ಮೂರು ಟಚ್‌ಡೌನ್ ಹೊಡೆಯಿತು (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ತಲಾ ಆರರಂತೆ 18 ಅಂಕ. ಟಚ್‌ಡೌನ್ ಆದಮೇಲೆ ಸಾಮಾನ್ಯವಾಗಿ ಸಿಗುವ ಒಂದೊಂದು ಹೆಚ್ಚುವರಿ ಅಂಕ ಒಂದೂ ಸಿಗಲಿಲ್ಲ. ಒಮ್ಮೆ ಕಿಕ್ಕರ್ ಬದಲು ಪಂಟರ್ (ಚೆಂಡನ್ನು ದೂರಕ್ಕೆ ಒದ್ದು ಕಳಿಸುವವನು) ಒದ್ದು ತಪ್ಪಿಸಿದ, ಎರಡು ಸಲ ಅದರ ಬದಲಿಗೆ ಮಾಡಿದ ಎರಡಂಕದ ಪ್ರಯತ್ನ ಕೈಕೊಟ್ಟಿತು. ಅತ್ತ ವಾಷಿಂಗ್ಟನ್ ಒಂದೂ ಟಚ್‌ಡೌನ್ ಹೊಡೆಯಲಿಲ್ಲ. ಆದರೆ ಅದರ ಕಿಕ್ಕರ್ ಆಸ್ಟಿನ್ ಸೈಬರ್ಟ್ ಕಂಬಗಳ ನಡುವೆ ಏಳು ಫೀಲ್ಡ್ ಗೋಲ್ ಒದ್ದರು, ತಲಾ ಮೂರರಂತೆ 21 ಅಂಕ. ವಾಷಿಂಗ್ಟನ್ 21, ಜಯಂಟ್ಸ್ 18.

ಎದುರಾಳಿಗೆ ಒಂದೂ ಟಚ್‌ಡೌನ್ ಬಿಡದೆ, ತಾನು ಮೂರು ಹೊಡೆದು, ಹೆಚ್ಚುವರಿ ಸಮಯಕ್ಕೂ ಹೋಗದೆ ಸೋತ ತಂಡ ಅದಕ್ಕೆ ಮುಂಚೆ ಎನ್‌ಎಫ್‌ಎಲ್ ಚರಿತ್ರೆಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಮಾತ್ರ ವಾಷಿಂಗ್ಟನ್‌ಗೆ ಒಂದು ಗೆಲುವು, ಜಯಂಟ್ಸ್‌ಗೆ ಒಂದು ಸೋಲು ಎಂದು ಸುಮ್ನೆ ದಾಖಲಾಯಿತು. ಅದೇ ವರ್ಷ ಅಕ್ಟೋಬರ್ 27ರಂದು ಚಿಕಾಗೋ ಬೇರ್ಸ್ ವಿರುದ್ಧ ವಾಷಿಂಗ್ಟನ್ ಕೊನೆಯ ಎಸೆತದಲ್ಲಿ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ದೂರದಿಂದ ಎಸೆದ ಚೆಂಡು ಗುಂಪಿನಲ್ಲಿ ಯಾರದೋ ಕೈಗೆ ತಾಗಿ ಹಾರಿತು, ಹಿಂದೆ ಒಂಟಿಯಾಗಿ ನಿಂತಿದ್ದ ನೋವಾ ಬ್ರೌನ್ ಕೈಗೆ ಬಂದು ಬಿತ್ತು. 18-15. ಆ ವರ್ಷದ ಕೊನೆಯಲ್ಲಿ ಈಗಲ್ಸ್ ವಿರುದ್ಧ 36-33ರ ಗೆಲುವಿಗೆ ಬೇಕಾದ ಟಚ್‌ಡೌನ್ ಬಂದದ್ದು ಕೆಲವೇ ಸೆಕೆಂಡು ಉಳಿದಿದ್ದಾಗ.

ವಾಷಿಂಗ್ಟನ್ ಒಳ್ಳೆಯ ತಂಡವೇ ಆಗಿತ್ತು, ಹೊಡೆದ ಅಂಕಗಳು ಬಿಟ್ಟುಕೊಟ್ಟದ್ದಕ್ಕಿಂತ ಬಹಳ ಜಾಸ್ತಿ ಇದ್ದವು. ಆದರೆ 12ನೇ ಗೆಲುವು, 11ನೇ ಗೆಲುವು ಎಲ್ಲಿಂದ ಬಂದವು ಎಂದು ಕೇಳಿದರೆ ಉತ್ತರ ಇಂಥ ಪಂದ್ಯಗಳಲ್ಲಿದೆ. ಅವು ಮುಂದಿನ ವರ್ಷವೂ ತನ್ನ ಕಡೆಗೇ ವಾಲುತ್ತವೆ ಎಂಬ ಭರವಸೆ ಯಾರೂ ಕೊಡಲಾರರು. ಕೈಜಾರಿದ ಚೆಂಡಿನದ್ದೂ ಅದೇ ಕಥೆ. ಎದುರಾಳಿಯ ಕೈಯಿಂದ ಚೆಂಡು ಬೀಳಿಸುವುದರಲ್ಲಿ ಕೌಶಲ ಇದೆ. ಮೊಟ್ಟೆಯಾಕಾರದ ಆ ಚೆಂಡು ನೆಲಕ್ಕೆ ಬಡಿದು ಯಾರ ಕಡೆ ಪುಟಿಯುತ್ತದೆ ಅನ್ನುವುದರಲ್ಲಿ ಅಷ್ಟಿಲ್ಲ.

ಗೆಲುವಿನ ಬದಲು ಅಂಕ ಎಣಿಸಿ

ಹಾಗಾದರೆ ಏನನ್ನು ನೋಡಬೇಕು? ಇಡೀ ಸೀಸನ್‌ನಲ್ಲಿ ತಂಡ ಹೊಡೆದ ಒಟ್ಟು ಅಂಕ ಮತ್ತು ಬಿಟ್ಟುಕೊಟ್ಟ ಒಟ್ಟು ಅಂಕ. ಬೇಸ್‌ಬಾಲ್ ಅಂಕಿಅಂಶಗಳ ಪಂಡಿತ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಕಟ್ಟಿದರು, ಡ್ಯಾರಿಲ್ ಮೋರಿ ಅದನ್ನು ಫುಟ್‌ಬಾಲ್‌ಗೆ ಹೊಂದಿಸಿದರು. ಎರಡೂ ಸಂಖ್ಯೆಗಳನ್ನು 2.37ರ ಘಾತಕ್ಕೆ ಏರಿಸಬೇಕು. ಹೊಡೆದ ಅಂಕಗಳಿಂದ ಬಂದದ್ದನ್ನು, ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಬಂದ ಉತ್ತರವೇ ‘ಸಿಗಬೇಕಾಗಿದ್ದ’ ಗೆಲುವಿನ ಪಾಲು. ಅದನ್ನು 17ರಿಂದ ಗುಣಿಸಿದರೆ ಗೆಲುವಿನ ಸಂಖ್ಯೆ. ಫೋನ್‌ನ ಕ್ಯಾಲ್ಕುಲೇಟರ್ ಸಾಕು.

2022ರ ಮಿನೆಸೋಟ ವೈಕಿಂಗ್ಸ್ ಮೇಲೆ ಇದನ್ನು ಹಚ್ಚಿ ನೋಡಿ. 13 ಗೆಲುವು, 4 ಸೋಲು. ಆದರೆ ಹೊಡೆದದ್ದು 424 ಅಂಕ, ಕೊಟ್ಟದ್ದು 427. ಗೆದ್ದ 13ರಲ್ಲಿ 11 ಕೂದಲೆಳೆ ಅಂತರದ ಗೆಲುವು, ಅಂದರೆ 8 ಅಥವಾ ಅದಕ್ಕಿಂತ ಕಡಿಮೆ ಅಂಕದ್ದು. ಅಂಥ ಪಂದ್ಯ ಒಂದನ್ನೂ ಅದು ಆ ಸೀಸನ್‌ನಲ್ಲಿ ಸೋಲಲಿಲ್ಲ. ಸೂತ್ರ ಹೇಳುವುದು 8.4 ಗೆಲುವು. ಮುಂದಿನ ವರ್ಷ ವೈಕಿಂಗ್ಸ್‌ಗೆ ಬಂದದ್ದು 7.

ಅದೇ ವರ್ಷ ಪ್ಲೇಆಫ್‌ನಲ್ಲಿ ವೈಕಿಂಗ್ಸ್ ಅನ್ನು 31-24ರಿಂದ ಮನೆಗೆ ಕಳಿಸಿದ್ದು ನಮ್ಮ ಜಯಂಟ್ಸ್. ಅದು ಕೂಡ 365 ಅಂಕ ಹೊಡೆದು 371 ಕೊಟ್ಟು, 9 ಗೆಲುವು, 7 ಸೋಲು, 1 ಸಮ ಎಂದು ಪ್ಲೇಆಫ್‌ಗೆ ಬಂದಿತ್ತು. ಆ ಗೆಲುವಿನ ಖುಷಿಯಲ್ಲಿ ನ್ಯೂಯಾರ್ಕ್ ತಂಡ ಮೇಲೆದ್ದೇ ಬಿಟ್ಟಿತು ಎಂದು ಎಷ್ಟೋ ಜನ ನಂಬಿದರು. 2023ರಲ್ಲಿ 6 ಗೆಲುವು, 2024ರಲ್ಲಿ 3.

ದೊಡ್ಡ ತಂಡಗಳಿಗೂ ಇದು ಬಿಟ್ಟಿಲ್ಲ. 2024ರ ಕ್ಯಾನ್ಸಸ್ ಸಿಟಿ ಚೀಫ್ಸ್ 15 ಪಂದ್ಯ ಗೆದ್ದಿತು. ಹೊಡೆದದ್ದು 385, ಕೊಟ್ಟದ್ದು 326. ಸೂತ್ರದ ಪ್ರಕಾರ ಅದು 10 ಗೆಲ್ಲುವ ತಂಡ. 2025ರಲ್ಲಿ ಹತ್ತಿರದ ಪಂದ್ಯಗಳು ಹೆಚ್ಚುಕಡಿಮೆ ಎಲ್ಲ ಎದುರು ಬಿದ್ದವು, ಡಿಸೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೊಣಕಾಲಿಗೆ ಪೆಟ್ಟಾಯಿತು, ತಂಡ 6 ಗೆಲುವಿಗೆ ನಿಂತಿತು. ಸೂತ್ರ 6 ಎಂದು ಹೇಳಿರಲಿಲ್ಲ. ಆದರೆ 15 ಅನ್ನುವುದು ನಿಲ್ಲುವ ಸಂಖ್ಯೆಯಲ್ಲ ಎಂದು ಮೊದಲೇ ಹೇಳಿತ್ತು.

ಸೂತ್ರಕ್ಕೆ ಗೊತ್ತಿಲ್ಲದ್ದು

ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. 2023ರ ಈಗಲ್ಸ್ ನೋಡಿ. ಮೊದಲ 11ರಲ್ಲಿ 10 ಗೆದ್ದು, ಕೊನೆಗೆ ಕುಸಿದು 11 ಗೆಲುವು, 6 ಸೋಲಿಗೆ ಬಂತು. ಇಡೀ ಸೀಸನ್‌ನಲ್ಲಿ ಹೊಡೆದದ್ದು 433, ಕೊಟ್ಟದ್ದು 428. ಐದೇ ಅಂಕ ಹೆಚ್ಚು. ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ಎದುರು 32-9ರಿಂದ ಸೋತಿತು. ಸೂತ್ರ ನಂಬಿದವರು ಮುಂದಿನ ವರ್ಷಕ್ಕೆ ಎಂಟೋ ಒಂಬತ್ತೋ ಗೆಲುವು ಬರೆದುಕೊಂಡಿರುತ್ತಾರೆ. 2024ರಲ್ಲಿ ಈಗಲ್ಸ್ 14 ಗೆದ್ದು, ಸೂಪರ್ ಬೌಲ್‌ನಲ್ಲಿ ಚೀಫ್ಸ್ ಅನ್ನು 40-22ರಿಂದ ಸೋಲಿಸಿತು.

ನಡುವೆ ಏನಾಯಿತು? ರಕ್ಷಣಾ ವಿಭಾಗದ ಹೊಣೆ ಹಿರಿಯ ಕೋಚ್ ವಿಕ್ ಫ್ಯಾಂಜಿಯೊ ಕೈಗೆ ಬಂತು. ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲೆರಡು ಸುತ್ತುಗಳಲ್ಲಿ ಕ್ವಿನ್ಯಾನ್ ಮಿಚೆಲ್, ಕೂಪರ್ ಡಿಜೀನ್ ಎಂಬ ಇಬ್ಬರು ಹುಡುಗರು ಸಿಕ್ಕರು. ಎಲ್ಲಕ್ಕಿಂತ ಕಣ್ಣಿಗೆ ಹೊಡೆದದ್ದು ಸೇಕ್ವಾನ್ ಬಾರ್ಕ್ಲಿ. ಈ ಓಟಗಾರ ಆರು ವರ್ಷ ಜಯಂಟ್ಸ್‌ನಲ್ಲಿದ್ದರು. ಗುತ್ತಿಗೆ ಮುಗಿದಾಗ ಜಯಂಟ್ಸ್ ಉಳಿಸಿಕೊಳ್ಳಲಿಲ್ಲ, 2024ರ ಮಾರ್ಚ್‌ನಲ್ಲಿ ಅದೇ ಡಿವಿಷನ್‌ನ ಈಗಲ್ಸ್ ಕರೆದುಕೊಂಡಿತು. ಆ ಸೀಸನ್‌ನಲ್ಲಿ ಅವರು ಓಡಿದ್ದು 2,005 ಗಜ.

ಬದ್ಧ ಎದುರಾಳಿಗಳ ಬಗ್ಗೆ ಊಹಿಸುವಾಗ ಇಂಥ ವರ್ಗಾವಣೆಗೆ ಎರಡು ಪಟ್ಟು ತೂಕ. ಒಬ್ಬ ಆಟಗಾರ ದೂರದ ಡಿವಿಷನ್‌ಗೆ ಹೋದರೆ ಬಿಟ್ಟ ತಂಡಕ್ಕೆ ನಷ್ಟ, ಅಷ್ಟೇ. ಪಕ್ಕದ ಎದುರಾಳಿಗೆ ಹೋದರೆ ವರ್ಷಕ್ಕೆ ಎರಡು ಸಲ ಅವನನ್ನೇ ಎದುರಿಸಬೇಕು. ಕೋಚ್‌ಗಳದ್ದೂ ಹಾಗೇ. ವಾಷಿಂಗ್ಟನ್‌ನ ಡ್ಯಾನ್ ಕ್ವಿನ್ ಅಲ್ಲಿಗೆ ಬರುವ ಮುಂಚೆ ಮೂರು ವರ್ಷ ಕೌಬಾಯ್ಸ್‌ನ ರಕ್ಷಣಾ ವಿಭಾಗ ನೋಡಿಕೊಂಡವರು. 2025ರ ಆಗಸ್ಟ್ ಕೊನೆಯಲ್ಲಿ ಕೌಬಾಯ್ಸ್ ತನ್ನ ರಕ್ಷಣೆಯ ಬೆನ್ನೆಲುಬಾದ ಮೈಕಾ ಪಾರ್ಸನ್ಸ್‌ರನ್ನು ಗ್ರೀನ್ ಬೇಗೆ ಕೊಟ್ಟು, ಎರಡು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು ಮತ್ತು ಕೆನ್ನಿ ಕ್ಲಾರ್ಕ್‌ರನ್ನು ಪಡೆಯಿತು. ಅಷ್ಟೊತ್ತಿಗೆ ಎಷ್ಟೋ ಜನ ತಮ್ಮ ಭವಿಷ್ಯ ಹೇಳಿ ಮುಗಿಸಿದ್ದರು.

ಎಲ್ಲಕ್ಕಿಂತ ದೊಡ್ಡದು ಕ್ವಾರ್ಟರ್‌ಬ್ಯಾಕ್. 2023ರಲ್ಲಿ ಕೌಬಾಯ್ಸ್ 509 ಅಂಕ ಹೊಡೆದು 315 ಮಾತ್ರ ಕೊಟ್ಟು 12 ಪಂದ್ಯ ಗೆದ್ದಿತ್ತು. ಯಾವ ಸೂತ್ರ ಹಾಕಿದರೂ ಗಟ್ಟಿ ತಂಡ. 2024ರ ನವೆಂಬರ್‌ನಲ್ಲಿ ಡ್ಯಾಕ್ ಪ್ರೆಸ್ಕಾಟ್ ತೊಡೆಯ ಸ್ನಾಯುವಿನ ಪೆಟ್ಟಿನಿಂದ ಹೊರಗುಳಿದರು, ತಂಡ 7 ಗೆಲುವಿಗೆ ಇಳಿಯಿತು. ಡೇನಿಯಲ್ಸ್ 2025ರಲ್ಲಿ ಆಡಿದ್ದು 7 ಪಂದ್ಯ ಮಾತ್ರ. ಮೊಣಕಾಲು, ತೊಡೆ, ಆಮೇಲೆ ನವೆಂಬರ್ 2ರಂದು ಸಿಯಾಟಲ್ ವಿರುದ್ಧ ಮೊಣಕೈ ಕೀಲು ತಪ್ಪಿತು. ಲೇಖನದ ಮೊದಲಲ್ಲಿ ಹೇಳಿದ 12-5 ತಿರುಗಿ 5-12 ಆದದ್ದರ ದೊಡ್ಡ ಪಾಲು ಇಲ್ಲೇ ಇದೆ. ಅದೃಷ್ಟದ ಗೆಲುವುಗಳು ಒಣಗಿದವು, ಅದರ ಮೇಲೆ ಈ ಪೆಟ್ಟು.

ದುಡ್ಡಿನ ಲೆಕ್ಕವೂ ಕ್ವಾರ್ಟರ್‌ಬ್ಯಾಕ್ ಸುತ್ತಲೇ. ಎಲ್ಲ ತಂಡಗಳಿಗೂ ಸಂಬಳದ ಮಿತಿ ಒಂದೇ, 2024ರಲ್ಲಿ 25.54 ಕೋಟಿ ಡಾಲರ್. ಪ್ರೆಸ್ಕಾಟ್‌ರ ಹೊಸ ಗುತ್ತಿಗೆ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್. ಡ್ರಾಫ್ಟ್‌ನಿಂದ ಬಂದ ಡೇನಿಯಲ್ಸ್‌ಗೆ ನಾಲ್ಕು ವರ್ಷಕ್ಕೆ ಸೇರಿಸಿ ಸಿಗುವುದು 4 ಕೋಟಿಗೂ ಕಡಿಮೆ. ಉಳಿದ ದುಡ್ಡಲ್ಲಿ ತಂಡ ಬೇರೆಯವರನ್ನು ತರಬಹುದು. ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುವುದು ಅತಿ ಕಡಿಮೆ ಗೆದ್ದವರಿಗೆ. ಐಪಿಎಲ್ ಹರಾಜಿನಂತೆ ಯಾರು ಬೇಕಾದರೂ ಕೂಗಿ ಕೊಳ್ಳುವಂತಿಲ್ಲ. ಕೆಳಗಿರುವವರನ್ನು ಮೇಲೆತ್ತುವುದು, ಮೇಲಿರುವವರನ್ನು ಎಳೆಯುವುದು ಈ ಲೀಗ್‌ನ ಕಟ್ಟಳೆಯಲ್ಲೇ ಇದೆ.

ಊಹೆಯನ್ನು ಸಂಖ್ಯೆಗೆ ಇಳಿಸುವುದು

ಹೆಚ್ಚಿನವರು ಮಾಡುವ ತಪ್ಪು ಇದು. ಪಂದ್ಯಪಟ್ಟಿ ಮುಂದಿಟ್ಟುಕೊಂಡು ‘ಇದು ಗೆಲುವು, ಇದು ಸೋಲು’ ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಒಂದು ತಂಡಕ್ಕೆ 3 ಪಂದ್ಯಗಳಲ್ಲಿ ಗೆಲ್ಲುವ ಸಾಧ್ಯತೆ 75%, 8ರಲ್ಲಿ 60%, 6ರಲ್ಲಿ 45% ಅಂದುಕೊಳ್ಳಿ. ಗುರುತು ಹಾಕುವವರು ಮೊದಲ 11ನ್ನೂ ಗೆಲುವು ಎಂದು ಬರೆಯುತ್ತಾರೆ. ಸರಿಯಾದ ಲೆಕ್ಕ ಅಂದರೆ ಸಾಧ್ಯತೆಗಳನ್ನು ಕೂಡುವುದು: 2.25, 4.8, 2.7, ಒಟ್ಟು 9.75. ಒಂದೂಕಾಲು ಗೆಲುವು ಸುಮ್ನೆ ಉಬ್ಬಿತ್ತು. ಆ 9.75ರ ಎರಡು ಮೇಲೆ, ಎರಡು ಕೆಳಗೆ ಎಂದು ಗೆರೆ ಎಳೆದರೆ, ಮೂರು ವರ್ಷಕ್ಕೆ ಎರಡು ವರ್ಷವಾದರೂ ತಂಡ ಅದರೊಳಗೆ ಬೀಳುತ್ತದೆ.

ಒಂದೊಂದು ಪಂದ್ಯದ ಸಾಧ್ಯತೆ ಎಲ್ಲಿಂದ ತರುವುದು? ಚದುರಂಗದವರಿಗೆ ಗೊತ್ತಿರುವ ಈಲೋ ರೇಟಿಂಗ್ ಇಲ್ಲೂ ಕೆಲಸ ಮಾಡುತ್ತದೆ. ಎರಡು ತಂಡಗಳ ನಡುವೆ 100 ರೇಟಿಂಗ್ ಅಂತರ ಇದ್ದರೆ ಮೇಲಿನವರಿಗೆ 64% ಸಾಧ್ಯತೆ. ಫೈವ್‌ಥರ್ಟಿಎಯ್ಟ್ ಎಂಬ ಸಂಸ್ಥೆ ಇದನ್ನು ಎನ್‌ಎಫ್‌ಎಲ್‌ಗೆ ಬಳಸುತ್ತಿತ್ತು. ಪ್ರತಿ ಹೊಸ ಸೀಸನ್‌ಗೆ ಮುಂಚೆ ಅವರು ಎಲ್ಲ ತಂಡಗಳನ್ನೂ ಸರಾಸರಿಯ ಕಡೆಗೆ ಮೂರನೇ ಒಂದು ಭಾಗ ಎಳೆಯುತ್ತಿದ್ದರು. ಸರಾಸರಿಗಿಂತ 150 ಮೇಲಿದ್ದ ತಂಡ 100ಕ್ಕೆ ಇಳಿಯುತ್ತಿತ್ತು, 150 ಕೆಳಗಿದ್ದದ್ದು 100ಕ್ಕೆ ಏರುತ್ತಿತ್ತು. ಇಡೀ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದ ಹೆಜ್ಜೆ ಇದು. ಯಾವ ತಂಡದ ಬಗ್ಗೆಯೂ ಏನೂ ತಿಳಿಯದೆ ಇದೊಂದನ್ನು ಮಾಡಿದರೂ ಅರ್ಧ ಜನರ ಊಹೆಗಿಂತ ನಿಮ್ಮದು ವಾಸಿ ಇರುತ್ತದೆ.

ಡಿವಿಷನ್ ಊಹೆಗೆ ಇನ್ನೊಂದು ತಾಳೆ ನೋಡುವುದಿದೆ. ನಾಲ್ವರು ತಮ್ಮೊಳಗೆ ಆಡುವುದು ಒಟ್ಟು 12 ಪಂದ್ಯ. ಸಮ ಆಗದಿದ್ದರೆ ಅವುಗಳಿಂದ ಹುಟ್ಟುವ ಗೆಲುವು 12, ಒಂದೂ ಹೆಚ್ಚಿಲ್ಲ. ಈಗಲ್ಸ್‌ಗೆ 5, ಕೌಬಾಯ್ಸ್‌ಗೆ 4, ವಾಷಿಂಗ್ಟನ್‌ಗೆ 4, ಜಯಂಟ್ಸ್‌ಗೆ 2 ಎಂದು ಬರೆದರೆ ಮೊತ್ತ 15. ಆ ಮೂರು ಗೆಲುವು ಆಕಾಶದಿಂದ ಬರುವುದಿಲ್ಲ, ಅಲ್ವಾ? ಪ್ರತಿಯೊಂದು ತಂಡವನ್ನೂ ಬೇರೆಬೇರೆಯಾಗಿ ಹೊಗಳುತ್ತಾ ಹೋದಾಗ ಆಗುವ ಎಡವಟ್ಟು ಇದು.

ಆಗಸ್ಟ್‌ನ ಅಭ್ಯಾಸ ಪಂದ್ಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 2008ರಲ್ಲಿ ಡೆಟ್ರಾಯ್ಟ್ ಲಯನ್ಸ್ ನಾಲ್ಕು ಅಭ್ಯಾಸ ಪಂದ್ಯಗಳನ್ನೂ ಗೆದ್ದು, ಸೀಸನ್‌ನ 16ನ್ನೂ ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅದನ್ನೇ ಮಾಡಿತು.

2026ಕ್ಕೆ ಹಚ್ಚಿ ನೋಡಿದರೆ

2025ರ ಪಟ್ಟಿ ಹೀಗಿತ್ತು: ಈಗಲ್ಸ್ 11 ಗೆಲುವು, ಕೌಬಾಯ್ಸ್ 7 ಗೆಲುವು ಮತ್ತು 1 ಸಮ, ವಾಷಿಂಗ್ಟನ್ 5, ಜಯಂಟ್ಸ್ 4. ಹೊಸ ವರ್ಗಾವಣೆ, ಹೊಸ ಡ್ರಾಫ್ಟ್ ಯಾವುದನ್ನೂ ಸೇರಿಸದೆ, ಇಷ್ಟನ್ನೇ ಇಟ್ಟುಕೊಂಡು ಮೇಲಿನ ದಾರಿಯಲ್ಲಿ ನಡೆಯೋಣ.

ನನ್ನ ಕಣ್ಣು ಹೋಗುವುದು ಜಯಂಟ್ಸ್ ಮೇಲೆ. ಅದರ ಸೋಲುಗಳನ್ನು ಬಿಡಿಸಿ ನೋಡಿ. ಸೆಪ್ಟೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ ಗೆದ್ದೇ ಬಿಟ್ಟಿತು ಅನ್ನುವಾಗ ಬ್ರ್ಯಾಂಡನ್ ಆಬ್ರಿ 64 ಗಜದಿಂದ ಒದ್ದು ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ 40-37ರಿಂದ ಸೋಲು. ಅಕ್ಟೋಬರ್‌ನಲ್ಲಿ ಡೆನ್ವರ್ ವಿರುದ್ಧ ಮೂರು ಕ್ವಾರ್ಟರ್ ಮುಗಿದಾಗ 19-0 ಮುಂದಿತ್ತು. ಕೊನೆಯ ಕ್ವಾರ್ಟರ್ ಒಂದರಲ್ಲೇ ಡೆನ್ವರ್ 33 ಅಂಕ ಹೊಡೆಯಿತು, 33-32. ಚಿಕಾಗೋ ಎದುರು 24-20, ಡೆಟ್ರಾಯ್ಟ್ ಎದುರು ಹೆಚ್ಚುವರಿ ಸಮಯದಲ್ಲಿ 34-27. ಎಸೆದ ಚೆಂಡು ಹಿಡಿಯುವ ಪ್ರಮುಖ ರಿಸೀವರ್ ಮಲಿಕ್ ನೇಬರ್ಸ್ ಸೆಪ್ಟೆಂಬರ್‌ನಲ್ಲೇ ಮೊಣಕಾಲಿಗೆ ಪೆಟ್ಟಾಗಿ ಹೊರಬಿದ್ದರು, ಓಟಗಾರ ಕ್ಯಾಮ್ ಸ್ಕ್ಯಾಟೆಬೊ ಅಕ್ಟೋಬರ್‌ನಲ್ಲಿ ಪಾದದ ಕೀಲು ತಪ್ಪಿ. ಕ್ವಾರ್ಟರ್‌ಬ್ಯಾಕ್ ಜ್ಯಾಕ್ಸನ್ ಡಾರ್ಟ್‌ಗೆ ಅದು ಮೊದಲ ವರ್ಷ. ವೈಕಿಂಗ್ಸ್ 13 ಗೆಲ್ಲುವ ತಂಡವಾಗಿರಲಿಲ್ಲ ಎಂದು ಒಪ್ಪುವುದಾದರೆ, ಇದು 4 ಗೆಲ್ಲುವ ತಂಡವಾಗಿರಲಿಲ್ಲ ಎಂದೂ ಒಪ್ಪಬೇಕು.

ನನ್ನ ಸಂಖ್ಯೆಗಳು: ಈಗಲ್ಸ್ 9.5, ಕೌಬಾಯ್ಸ್ 8.5, ವಾಷಿಂಗ್ಟನ್ 8, ಜಯಂಟ್ಸ್ 7. ಪ್ರತಿಯೊಂದರ ಆಚೀಚೆಗೂ ಎರಡು ಗೆಲುವಿನ ಜಾಗ. ಮೊತ್ತ 33. ಸರಾಸರಿ ಡಿವಿಷನ್ ಆದರೆ 34 ಬರಬೇಕಿತ್ತು, ಎನ್‌ಎಫ್‌ಸಿ ವೆಸ್ಟ್ ಎದುರಿರುವುದಕ್ಕೆ ಒಂದು ಕಳೆದಿದ್ದೇನೆ. ಮೊದಲಿಗೂ ಕೊನೆಗೂ ಅಂತರ ಎರಡೂವರೆ ಮಾತ್ರ. ಹಾಗಾಗಿ ಕೌಬಾಯ್ಸ್‌ಗಿಂತ ಜಯಂಟ್ಸ್ ಮೇಲೆ ಮುಗಿಸುವ ಸಾಧ್ಯತೆಗೆ ನಾನು ಸುಮಾರು 30% ಕೊಡುತ್ತೇನೆ. ವಾಷಿಂಗ್ಟನ್‌ನ 8 ನಿಂತಿರುವುದು ಡೇನಿಯಲ್ಸ್ ಹೆಚ್ಚುಕಡಿಮೆ ಪೂರ್ತಿ ಸೀಸನ್ ಆಡುತ್ತಾರೆ ಎಂಬುದರ ಮೇಲೆ. ಅವರು ಮತ್ತೆ ಅರ್ಧ ಸೀಸನ್ ಹೊರಗಿದ್ದರೆ ಅಲ್ಲಿಂದ ಎರಡು ಗೆಲುವು ತೆಗೆಯುತ್ತೇನೆ. ಅದರಲ್ಲಿ ಡಿವಿಷನ್ ಒಳಗಿನ ಪಾಲು ಉಳಿದ ಮೂವರಿಗೆ ಹಂಚಿಹೋಗುತ್ತದೆ.